ಏಳನೇ ಪಟ್ಟಿ

ಮಾರ್ಚ್ 4

ಪ್ರೀತಿಯ ಪಂಪಣ್ಣನವರಿಗೆ,

ನಮಸ್ಕಾರ. ಈ ಕೈಬರಹ ಯಾರದೆಂದು ನಿಮಗೆ ಗುರುತು ಸಿಗದಿದ್ದರೆ ನಿಮ್ಮದೇನೂ ತಪ್ಪಿಲ್ಲ, ನಾಲ್ಕು ವರ್ಷವಾಯಿತು. ಲ್ಯಾಬಿನ ಮಷೀನುಗಳನ್ನು ನೋಡಿಕೊಳ್ಳುತ್ತಾ, ಸದ್ದು ಕೇಳಿಯೇ ವ್ಯಾಕ್ಯೂಮ್ ಪಂಪಿನ ಕಾಯಿಲೆ ಹೇಳುತ್ತಿದ್ದಿರಲ್ಲ, ಅದಕ್ಕೇ ನಿಮಗೆ ಈ ಹೆಸರಿಟ್ಟಿದ್ದೆವು. ಆ ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವಳು ನಾನು. ಲ್ಯಾಬಿಗೆ ಸೇರಿದ ಮೊದಲ ವಾರವೇ ನೀವು ನನ್ನನ್ನು ‘ಡಾಕ್ಟ್ರಮ್ಮ’ ಎಂದು ಕರೆದು ನಗಿಸಿದ್ದಿರಿ. ಈಗ ನಿಜವಾಗಿಯೂ ಡಾಕ್ಟರ್ ಆಗಿದ್ದೇನೆ. ಅದೇ ಲ್ಯಾಬಿನಲ್ಲಿ ಕೆಲಸವೂ ಆಗಿದೆ. ಸ್ಟೋರ್ ಕೀಪರ್ ನಿಮ್ಮ ವಿಳಾಸದ ಜೊತೆ ಫೋನ್ ನಂಬರೂ ಕೊಟ್ಟರು. ಎರಡು ಸಲ ಒತ್ತಿ, ಆ ಕಡೆ ರಿಂಗ್ ಆಗುವ ಮೊದಲೇ ಇಟ್ಟುಬಿಟ್ಟೆ. ಕಾಗದವೇ ವಾಸಿ ಅನ್ನಿಸಿತು.

ಸುತ್ತಿ ಬಳಸಿ ಮಾತಾಡುವುದು ನಿಮಗೆ ಆಗದು, ವಿಷಯಕ್ಕೆ ಬರುತ್ತೇನೆ. ಚರಂಡಿಯ ಗುಂಡಿಗಳಿಗೆ ಇಳಿಯುವವರಿಗಾಗಿ ಒಂದು ಕಂಪನಿ ಅಲಾರಂ ಮಾಡುತ್ತಿದೆ. ಅಲ್ಲಿನ ವಿಷಾನಿಲ ಮೊದಮೊದಲು ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತದೆ, ಹೆಚ್ಚಾದಾಗ ಮೂಗೇ ಮರಗಟ್ಟಿಹೋಗುತ್ತದೆ. ಮೂಗಿನ ಬದಲು ನಮ್ಮ ಪೊರೆಯನ್ನು ನಂಬಬೇಕು. ನಾವು ಲೇಸರಿನಿಂದ ತವರದ ಆಕ್ಸೈಡ್ ಬಿಲ್ಲೆಯನ್ನು ಸುಟ್ಟು, ಅದರ ಆವಿಯನ್ನು ಗಾಜಿನ ಮೇಲೆ ಕೂರಿಸುತ್ತಿದ್ದೆವಲ್ಲ, ಅದೇ ಪೊರೆ. ಅದರಲ್ಲಿ ಹದಿನೇಳನೇ ಬ್ಯಾಚು ಮಾತ್ರ ಆ ಅನಿಲದ ಒಂದು ಎಳೆಯನ್ನೂ ಬಿಡದೆ ಹಿಡಿಯುತ್ತದೆ. ಅದರ ಮೇಲೆಯೇ ನನ್ನ ಪಿಎಚ್‌ಡಿ, ಅದರ ಮೇಲೆಯೇ ಈ ಕೆಲಸ. ಈಗ ಅಂಥದ್ದೇ ಇನ್ನೊಂದು ಬ್ಯಾಚು ಮಾಡಿಕೊಡಿ ಎಂದರೆ ಆಗುತ್ತಿಲ್ಲ. ಆ ಬ್ಯಾಚಿನಲ್ಲಿ ತಾಮ್ರ ಸೇರಿತ್ತಲ್ಲ, ಅದಕ್ಕೇ ತಾಮ್ರವನ್ನು ತೂಗಿ ಬೆರೆಸಿ ಬಿಲ್ಲೆ ಮಾಡಿ ನೋಡಿದೆ. ಮೂವತ್ತೊಂದು ಸಲ ಸೋತಿದ್ದೇನೆ.

ಆಗಿನ ಹೀಟರು ನಿಜವಾಗಿ ಎಷ್ಟು ಡಿಗ್ರಿ ಕಡಿಮೆ ತೋರಿಸುತ್ತಿತ್ತು? ಆಕ್ಸಿಜನ್ ಮೀಟರನ್ನು ನೀವು ಏನೆಂದು ತಿದ್ದಿ ಓದುತ್ತಿದ್ದಿರಿ? ಹಾಗೇ ಇನ್ನೊಂದು, ಅಂಥ ಮುಖ್ಯವೇನಲ್ಲ: ನಿಮ್ಮ ಮೂರನೇ ಡ್ರಾಯರಿನಲ್ಲಿ ಸಣ್ಣ ತಾಮ್ರದ ಪಟ್ಟಿಗಳಿದ್ದವು. ಅವು ಎಲ್ಲಿಯವು?

ನಿಮ್ಮ
ಡಾಕ್ಟ್ರಮ್ಮ


ಮಾರ್ಚ್ 15

ಡಾಕ್ಟ್ರಮ್ಮನವರಿಗೆ ನಮಸ್ಕಾರಗಳು.

ಗುರುತು ಸಿಗದೆ ಏನು? ‘ರ’ ಅಕ್ಷರಕ್ಕೆ ಬಾಲ ಎಳೆಯುವವರು ನೀವೊಬ್ಬರೇ. ಕವರು ನೋಡಿ ನನ್ನಾಕೆ “ಯಾರ್ರೀ ಇದು, ಇಷ್ಟು ದಪ್ಪ ಕಾಗದ?” ಅಂದಳು. “ನಮ್ಮ ಲ್ಯಾಬಿಂದ” ಅಂದೆ. ಎಷ್ಟೋ ದಿನದ ಮೇಲೆ ಆ ಮಾತು ಬಾಯಲ್ಲಿ ಬಂತು.

ನಾನೀಗ ಫ್ರಿಜ್, ಏಸಿ ರಿಪೇರಿ ಅಂಗಡಿಯಲ್ಲಿದ್ದೇನೆ. ಇಲ್ಲೂ ಪಂಪೇ, ಇಲ್ಲೂ ತಾಮ್ರದ ಪೈಪೇ. ತಾಮ್ರ ನನ್ನನ್ನು ಬಿಡುವ ಹಾಗೆ ಕಾಣುವುದಿಲ್ಲ. ಬೆಸುಗೆ ಹಾಕುವ ಮುಂಚೆ ಪೈಪಿನ ಬಾಯನ್ನು ಮೂರು ಸಲ ಒರೆಸುತ್ತೇನೆ, ಆಮೇಲೆ ಸಮಾಧಾನವಾಗದೆ ಇನ್ನೊಂದು ಸಲ. “ಏನ್ರೀ, ಫ್ರಿಜ್‌ಗೆ ಆಪರೇಷನ್ ಮಾಡ್ತೀರಾ?” ಅಂತ ಓನರು ನಗಾಡ್ತಾರೆ.

ಹದಿನೇಳು ಅಂತ ಓದಿದ ಕೂಡಲೇ ನನ್ನ ತಲೆ ತಗ್ಗಿತು. ಅದು ನಾನು ಹಾಳು ಮಾಡಿದ ಬ್ಯಾಚು ತಾನೇ? ಹಿಂದಿನ ದಿನ ಬೇರೆ ಗುಂಪಿನವರು ಪೊರೆ ಕೂರಿಸುವ ಆ ಚೇಂಬರಿನಲ್ಲಿ ತಾಮ್ರ ಸುಟ್ಟಿದ್ದರು. ನಾನು ಸ್ಪಿರಿಟ್ ಹಾಕಿ ಒರೆಸಿದ್ದೆ ಅಂತಲೇ ನೆನಪು. ಆದರೆ ಮಗಳಿಗೆ ಜ್ವರ ಅಂತ ಎರಡು ಗಂಟೆ ಮೊದಲೇ ಹೊರಟವನು, ಮರುದಿನವೂ ರಜೆ ಹಾಕಿದವನು. ಅವಸರದಲ್ಲಿ ಏನು ಮಾಡಿದೆನೋ. ಪೊರೆಯಲ್ಲಿ ತಾಮ್ರ ಸಿಕ್ಕಿದ್ದಂತೂ ನಿಜ, ಮಷೀನು ಸುಳ್ಳು ಹೇಳುತ್ತದೆಯೇ? ನಿಮ್ಮ ಮೂರು ತಿಂಗಳ ಕೆಲಸ ನೀರುಪಾಲಾಯಿತಲ್ಲ ಅನ್ನುವುದೇ ಇಷ್ಟು ದಿನ ಕೊರೆಯುತ್ತಿತ್ತು. ಈಗ ನೋಡಿದರೆ ಅದೇ ಬ್ಯಾಚು ಜನರ ಜೀವ ಉಳಿಸುತ್ತದೆ ಅಂತೀರಿ! ಹಾಗಾದರೆ ನನ್ನ ಕೊಳೆ ನಿಮಗೆ ಒಳ್ಳೆಯದನ್ನೇ ಮಾಡಿತು ಅನ್ನಿ. ನನ್ನ ಎದೆಯ ಭಾರ ಸ್ವಲ್ಪ ಇಳಿಯಿತು.

ಹೀಟರು ಇಪ್ಪತ್ತೆರಡು ಡಿಗ್ರಿ ಕಡಿಮೆ ತೋರಿಸುತ್ತಿತ್ತು. ಆಕ್ಸಿಜನ್ ಮೀಟರಿನ ಮುಳ್ಳು ಎಲ್ಲಿ ನಿಂತರೂ ಒಂದು ಗೆರೆ ಕಳೆದು ಓದಬೇಕು. ಪಟ್ಟಿಗಳ ವಿಷಯ ನೆನಪು ಮಾಡಿಕೊಂಡು ಬರೆಯುತ್ತೇನೆ.

ಒಂದು ಉಪಕಾರ ಆಗಬೇಕು. ಮಗಳು ಎಂಎಸ್‌ಸಿ ಕೊನೆಯ ವರ್ಷ. ಪ್ರಾಜೆಕ್ಟಿಗೆ ನಿಮ್ಮ ಲ್ಯಾಬಿಗೇ ಅರ್ಜಿ ಹಾಕಿದ್ದಾಳೆ, ಅದೂ ನನ್ನನ್ನು ಕೇಳದೆ. ಚಿಕ್ಕಂದಿನಿಂದ ನಾನೇ ಆ ಲ್ಯಾಬನ್ನು ಹೊಗಳಿ ಹೊಗಳಿ ಅವಳ ತಲೆ ಕೆಡಿಸಿದ್ದೇನೆ. ನನಗೆ ಬೆನ್ನುನೋವು, ಅದಕ್ಕೇ ಕೆಲಸ ಬಿಟ್ಟೆ ಅಂತ ಮನೆಯಲ್ಲಿ ಹೇಳಿದ್ದೇನೆ. ಕಳಿಸಿಬಿಟ್ಟರು ಅನ್ನೋಕೆ ನಾಲಿಗೆ ಏಳಲಿಲ್ಲ. ಅವಳು ಬಂದರೆ ಆ ಮಾತು ಅವಳ ಕಿವಿಗೆ ಬೀಳದ ಹಾಗೆ ನೋಡಿಕೊಳ್ಳಿ. ನನ್ನ ಮಾನ ನಿಮ್ಮ ಕೈಲಿದೆ.

ಇಂತಿ
ಪಂಪಣ್ಣ


ಮಾರ್ಚ್ 21

ಪಂಪಣ್ಣನವರಿಗೆ,

ಕಾಗದ ತಲುಪಿತು. ಹೀಟರಿನ ಲೆಕ್ಕ ಹಾಕಿ ನೋಡಿದೆ, ಉಪಯೋಗವಾಗಲಿಲ್ಲ. ಹಳೆಯದನ್ನೆಲ್ಲ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಆಗಿದ್ದು ಆಗಿಹೋಯಿತು.

ನಿಮ್ಮ ಮಗಳನ್ನು ಇಂಟರ್‌ವ್ಯೂ ಮಾಡಿದವರಲ್ಲಿ ನಾನೂ ಇದ್ದೆ. ಬುದ್ಧಿವಂತೆ. ಮುಂದಿನ ತಿಂಗಳು ನನ್ನ ಕೈಕೆಳಗೇ ಸೇರುತ್ತಾಳೆ, ನೀವು ಧೈರ್ಯವಾಗಿರಿ.

ಆ ಪಟ್ಟಿಗಳ ವಿಷಯ ದಯವಿಟ್ಟು ಬೇಗ ಬರೆಯಿರಿ. ಕಂಪನಿಯವರು ಜೂನ್ ಕೊನೆಯವರೆಗೆ ಮಾತ್ರ ಕಾಯುತ್ತಾರಂತೆ.


ಏಪ್ರಿಲ್ 2

ಡಾಕ್ಟ್ರಮ್ಮನವರಿಗೆ,

ಆ ಪಟ್ಟಿಗಳು ಅಂಗಡಿಯಲ್ಲಿ ಕೊಂಡ ತಾಮ್ರವಲ್ಲ. ಹಳೇ ಸ್ವಿಚ್‌ಬೋರ್ಡೊಂದು ಗುಜರಿಗೆ ಹೊರಟಿತ್ತು, ಅದರ ಒಳಗಿನ ತಗಡನ್ನು ನಾನೇ ಕತ್ತರಿಸಿ ಇಟ್ಟುಕೊಂಡಿದ್ದೆ. ಕರೆಂಟು ಚೆನ್ನಾಗಿ ಹರಿಯಲಿ ಅಂತ ಅದಕ್ಕೆ ಬೆಳ್ಳಿಯ ತೆಳುವಾದ ಲೇಪ ಇರುತ್ತದೆ. ಮೇಲ್ನೋಟಕ್ಕೆ ಮಾಸಿ ಹೋಗಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಒಟ್ಟು ಏಳು ಪಟ್ಟಿ ಕತ್ತರಿಸಿದ್ದೆ. ಹೊರಡುವ ದಿನ ಡ್ರಾಯರು ಖಾಲಿ ಮಾಡಿ ಸ್ಟೋರಿಗೆ ಒಪ್ಪಿಸುವಾಗ ಆರಿದ್ದವು. ಒಂದನ್ನೂ ನಾನು ಬಳಸಿರಲಿಲ್ಲ.

ಯಾಕೆ ಕೇಳಿದಿರಿ ಅಂತ ನಾನು ಕೇಳುವುದಿಲ್ಲ. ಹೇಳಬೇಕು ಅನ್ನಿಸಿದರೆ ನೀವೇ ಹೇಳುತ್ತೀರಿ.

ಮಗಳು ಹೊರಟಳು. ಹೊಸ ಬ್ಯಾಗು ಕೊಡಿಸಿದೆ.

ಪಂಪಣ್ಣ


ಮೇ 9

ಪಂಪಣ್ಣನವರೇ,

ಗೆದ್ದೆವು! ಬೆಳ್ಳಿ! ಅಯ್ಯೋ, ಮಷೀನಿಗೂ ಸಿಗದಷ್ಟು ಕಡಿಮೆಯಿದ್ದ ಆ ಬೆಳ್ಳಿ ನನ್ನ ತಲೆಗೆ ಹೊಳೆದೇ ಇರಲಿಲ್ಲ. ಸ್ಟೋರಿನಲ್ಲಿ ನಿಮ್ಮ ಆರೂ ಪಟ್ಟಿ ಚೀಟಿ ಅಂಟಿಸಿದ ಹಾಗೇ ಕೂತಿದ್ದವು. ನನ್ನ ನಲವತ್ತನೇ ಪ್ರಯತ್ನ ಹದಿನೇಳನೇ ಬ್ಯಾಚಿನ ಅವಳಿ ಅನ್ನುವ ಹಾಗೆ ಬಂದಿದೆ. ಅನಿಲ ಬಿಟ್ಟ ಎಂಟು ಸೆಕೆಂಡಿನೊಳಗೆ ಮೀಟರು ಕುಣಿಯಿತು, ಜೊತೆಗೆ ನಾನೂ. ಪ್ರೊಫೆಸರ್ ಬೆನ್ನು ತಟ್ಟಿದರು. ನಿಮಗೆ ಕೋಟಿ ಕೋಟಿ ಧನ್ಯವಾದ.

ಮಗಳು ಚೆನ್ನಾಗಿ ಕೆಲಸ ಮಾಡುತ್ತಿದ್ದಾಳೆ. ಗಾಜನ್ನು ತೊಳೆಯುವ ರೀತಿ ನೋಡಿದರೆ ಯಾರ ಮಗಳೆಂದು ಕೇಳಬೇಕಾಗಿಲ್ಲ. ಈಚೆಗೆ ಮಾತು ಸ್ವಲ್ಪ ಕಡಿಮೆ ಮಾಡಿದ್ದಾಳೆ. ಕೆಲಸದ ಒತ್ತಡವಿರಬೇಕು.


ಜೂನ್ 3

ಡಾಕ್ಟ್ರಮ್ಮನವರಿಗೆ,

ಮಗಳು ರಜೆಗೆ ಬಂದಿದ್ದಳು. ಒತ್ತಡ ಅಲ್ಲ. ಸ್ಟೋರ್ ಕೀಪರ್ ಬಾಯಿ ನಿಮಗೆ ಗೊತ್ತಲ್ಲ, ಒಂದು ಮಾತೂ ನಿಲ್ಲಲ್ಲ. “ನೀನು ಅವರ ಮಗಳಾ? ಪಾಪ, ಒಳ್ಳೇ ಮನುಷ್ಯ, ಒಂದಿನ ಚೇಂಬರ್ ಒರೆಸೋದು ಮರೆತು ಕೆಲಸ ಕಳ್ಕೊಂಡ” ಅಂದನಂತೆ.

ಊಟಕ್ಕೆ ಕೂತಾಗ ನೇರವಾಗಿ ಕೇಳಿದಳು. “ಅಪ್ಪಾ, ಬೆನ್ನುನೋವಾ, ಇಲ್ಲಾ ಕಳಿಸಿದ್ರಾ?” ನಾನು ಅನ್ನ ಕಲಸುತ್ತಾ ಕೂತೆ. “ಒರೆಸಿದ್ಯೋ ಇಲ್ವೋ, ಅಷ್ಟು ಹೇಳು.” “ಒರೆಸಿಲ್ಲಮ್ಮ” ಅಂದೆ. ನನ್ನಾಕೆಯ ಕೈಲಿದ್ದ ತಟ್ಟೆ ಹಾಗೇ ನಿಂತಿತು. ಮಗಳು ಎದ್ದು ಹೋದಳು. “ಕೆಲಸ ಹೋಗಿದ್ದಕ್ಕಲ್ಲ ಅಪ್ಪಾ, ನಾಲ್ಕು ವರ್ಷ ಸೊಂಟಕ್ಕೆ ಎಣ್ಣೆ ಹಚ್ಚಿಸ್ಕೊಂಡ್ಯಲ್ಲ, ಅದಕ್ಕೆ” ಅಂದಳು ಬಾಗಿಲಲ್ಲಿ ನಿಂತು. ಇದ್ದ ನಾಲ್ಕು ದಿನವೂ ನಾನಿರುವ ಕೋಣೆಗೆ ಬರಲಿಲ್ಲ. ನೆಲ ಬಾಯಿಬಿಟ್ಟಿದ್ದರೆ ಹೋಗಿಬಿಡುತ್ತಿದ್ದೆ.

ಪ್ರಾಜೆಕ್ಟು ಬಿಡುತ್ತೇನೆ, ಎಲ್ಲರ ಮುಂದೆ ಮುಖ ಎತ್ತಿ ಓಡಾಡೋಕಾಗಲ್ಲ ಅನ್ನುತ್ತಿದ್ದಾಳೆ. ಅವಳನ್ನು ಬಿಡಬೇಡಿ.

ಆ ಹದಿನೇಳನೇ ಬ್ಯಾಚಿನ ದಿನ ಚೇಂಬರಿನ ಬಾಗಿಲು ಮೊದಲು ತೆರೆದವರು ನೀವು. ಬೇರೆ ಯಾರೂ ಒಳಗೆ ನೋಡಿಲ್ಲ. ನಿಮಗೆ ಏನಾದರೂ ಹೇಳುವುದಿದ್ದರೆ ಹೇಳಿ.


ಜೂನ್ 6

ಪಂಪಣ್ಣನವರೇ,

ಒಳಗೆ ತಾಮ್ರ ಇರಲಿಲ್ಲ. ಒಂದು ಚೂರೂ ಇರಲಿಲ್ಲ. ನನ್ನ ಮುಖ ಕಾಣುವ ಹಾಗೆ ಹೊಳೆಯುತ್ತಿತ್ತು.

ಈ ಮೂರು ಮಾತು ಬರೆಯುವುದಕ್ಕೆ ನಾಲ್ಕು ವರ್ಷ ಹಿಡಿಯಿತು. ಉಳಿದದ್ದನ್ನೂ ಬರೆದುಬಿಡುತ್ತೇನೆ, ಇಲ್ಲದಿದ್ದರೆ ಧೈರ್ಯ ಹೋಗಿಬಿಡುತ್ತದೆ.

ಆ ದಿನ ನೀವು ರಜೆ. ಬಿಲ್ಲೆ ಹಿಡಿಯುವ ಸ್ಟೀಲಿನ ಕ್ಲಿಪ್ಪು ನನ್ನ ಕೈಯಲ್ಲಿ ಪಟ್ಟನೆ ಮುರಿಯಿತು. ಹೊಸದು ಬೀಗ ಹಾಕಿದ ನಿಮ್ಮ ಕಪಾಟಿನಲ್ಲಿತ್ತು. ಕೆಲಸ ನಿಲ್ಲಿಸಿ, ರಿಜಿಸ್ಟರಿನಲ್ಲಿ ಬರೆದು, ನೀವು ಬರುವವರೆಗೆ ಕಾಯಬೇಕಾಗಿತ್ತು. ಮರುದಿನದಿಂದ ಹದಿನೈದು ದಿನ ಲೇಸರ್ ಬೇರೆಯವರ ಪಾಲಿಗೆ. ನನಗೆ ತಾಳ್ಮೆ ಇರಲಿಲ್ಲ. ನಿಮ್ಮ ಡ್ರಾಯರಿನಿಂದ ಒಂದು ಪಟ್ಟಿ ತೆಗೆದು, ಬಗ್ಗಿಸಿ, ಬಿಲ್ಲೆಯ ಅಂಚಿಗೆ ಕಟ್ಟಿದೆ. ಬಿಲ್ಲೆ ತಿರುಗಿದಾಗಲೆಲ್ಲ ಪಟ್ಟಿಯ ತುದಿ ಲೇಸರಿನ ಕೆಳಗೆ ಬಂತು. ಕಿಟಕಿಯಿಂದ ನೋಡುತ್ತಿದ್ದೆ, ಸುತ್ತಿಗೊಂದು ಸಲ ಬೆಳಕು ಹಸಿರಾಗುತ್ತಿತ್ತು. ತಾಮ್ರ ಉರಿಯುತ್ತಿದೆ ಎಂದು ತಿಳಿಯದಷ್ಟು ದಡ್ಡಿ ನಾನಲ್ಲ. ನೋಡಿಯೂ ನಿಲ್ಲಿಸಲಿಲ್ಲ. ಮುಗಿದ ಮೇಲೆ ಸುಟ್ಟ ಪಟ್ಟಿಯನ್ನು ಪರ್ಸಿಗೆ ಹಾಕಿಕೊಂಡು ಹೋಗಿ, ಬಸ್ ಸ್ಟಾಪಿನ ಕಸದ ಡಬ್ಬಿಯಲ್ಲಿ ಎಸೆದೆ. ಏಳನೆಯದು ಅಲ್ಲಿಗೆ ಹೋಯಿತು.

ಸುತ್ತಿಗೊಂದು ತೆಳು ಪದರ ಕೂತದ್ದರಿಂದಲೇ ಆ ಪೊರೆಗೆ ಅಂಥ ಗುಣ ಬಂದದ್ದು. ತೂಗಿ ಬೆರೆಸಿದರೆ ಅದು ಬರುವುದಿಲ್ಲ. ಇದು ನನಗೆ ಮೊದಲೇ ಗೊತ್ತಿತ್ತು. ಬೇರೆ ತಾಮ್ರ ಕಟ್ಟಿಯೂ ನೋಡಿದ್ದೆ. ಗೊತ್ತಿಲ್ಲದ್ದು ನಿಮ್ಮ ಬೆಳ್ಳಿಯೊಂದೇ. ಅದಕ್ಕಾಗಿ ನಿಮಗೆ ಕಾಗದ ಬರೆದೆ, ನಿಮ್ಮನ್ನು ವಿಚಾರಿಸಿಕೊಳ್ಳುವುದಕ್ಕಲ್ಲ. ಹೀಟರು, ಮೀಟರು ಎಲ್ಲ ನೆಪ. ಆ ಬ್ಯಾಚಿನ ಗುಣ ಆಮೇಲೆ ತಿಳಿದಾಗ, ಅದನ್ನು ಬೇಕೆಂದೇ ತಾಮ್ರ ಬೆರೆಸಿ ಮಾಡಿದ್ದು ಎಂದು ನನ್ನ ಪಿಎಚ್‌ಡಿಯಲ್ಲಿ ಬರೆದಿದ್ದೇನೆ.

ಪೊರೆಯಲ್ಲಿ ತಾಮ್ರ ಸಿಕ್ಕ ಮೇಲೆ ಕರೆದ ಆ ಮೀಟಿಂಗ್ ನಿಮಗೂ ನೆನಪಿದೆ. “ಚೇಂಬರ್ ತೆಗೆದಾಗ ಒಳಗೆ ತಾಮ್ರದ ಪುಡಿ ಇತ್ತೇನಮ್ಮಾ?” ಎಂದು ಪ್ರೊಫೆಸರ್ ಕೇಳಿದರು. “ಇತ್ತು ಸರ್” ಅಂದೆ. ಬರೆದು ಸಹಿಯನ್ನೂ ಹಾಕಿದೆ. ಬರೀ ಬೈದು ಬಿಡುತ್ತಾರೆ ಅಂದುಕೊಂಡಿದ್ದೆ. ಹದಿನೈದು ದಿನದಲ್ಲಿ ನಿಮ್ಮ ಕುರ್ಚಿ ಖಾಲಿಯಾಯಿತು, ಆಗಲೂ ನಾನು ಬಾಯಿ ಬಿಡಲಿಲ್ಲ. ಮೀಟಿಂಗ್ ಮುಗಿದು ಹೊರಡುವಾಗ ನೀವು ಬಾಗಿಲ ಹತ್ತಿರ ನಿಂತು ನನಗೇ “ಸಾರಿ ಡಾಕ್ಟ್ರಮ್ಮ” ಅಂದಿರಿ. ಆ ಹೆಸರಿನಿಂದ ಯಾರು ಕರೆದರೂ ಈಗ ನನಗೆ ಮೈ ಹಿಡಿಯಾಗುತ್ತದೆ. ಹಾಗಿದ್ದೂ ಮಾರ್ಚಿನಲ್ಲಿ ಅದೇ ಹೆಸರು ಹಾಕಿ ಕಾಗದ ಮುಗಿಸಿದೆನಲ್ಲ, ನನಗೆ ಎಷ್ಟು ನಾಚಿಕೆಯಿಲ್ಲ ನೋಡಿ.

ನಿಮ್ಮ ಮಗಳು ದಿನಾ ಎದುರಿನ ಮೇಜಿನಲ್ಲಿ ಕೂರುತ್ತಾಳೆ. ತಲೆ ತಗ್ಗಿಸಿ ಬರುತ್ತಾಳೆ, ತಲೆ ತಗ್ಗಿಸಿ ಹೋಗುತ್ತಾಳೆ. ತಗ್ಗಿಸಬೇಕಾದ ತಲೆ ನನ್ನದು.

ಹೊಟ್ಟೆಯಲ್ಲಿ ಹಾಕಿಕೊಳ್ಳಿ ಎಂದು ಕೇಳುವ ಯೋಗ್ಯತೆ ನನಗಿಲ್ಲ. ನಾನೀಗ ಏನು ಮಾಡಲಿ, ಹೇಳಿ. ನೀವು ಹೇಳಿದಂತೆ ಮಾಡುತ್ತೇನೆ.


ಜೂನ್ 14

ಅಂಗಡಿಯಲ್ಲಿ ನಿಂತೇ ಓದಿದೆ. ಓನರು “ಯಾರಿಗೆ ಏನಾಯ್ತ್ರೀ?” ಅಂತ ನೀರು ತಂದುಕೊಟ್ಟರು.

ನಿಮಗೆ ಒಂದು ವಿಷಯ ಗೊತ್ತಿರಲಿ. ಏಪ್ರಿಲಿನಲ್ಲಿ ಏಳು ಅಂತ ಬರೆದು, ಆರು ಅಂತ ಬರೆಯುವ ಹೊತ್ತಿಗೆ ನನ್ನ ಪೆನ್ನು ನಿಂತಿತು. ಅಲ್ಲೇ ಗೊತ್ತಾಯಿತು. ಕ್ಲಿಪ್ಪು ಮುರಿದಿದ್ದನ್ನೂ ಆಗ ನಾನು ನೋಡಿದ್ದೆ, ಎರಡನ್ನೂ ಜೋಡಿಸುವ ಬುದ್ಧಿ ಬಂದಿರಲಿಲ್ಲ. ಆದರೂ ಕಾಗದ ಮುಗಿಸಿ ಅಂಚೆಗೆ ಹಾಕಿದೆ. ಮುಂದಿನ ಕಾಗದದಲ್ಲಿ ಈಕೆ ತಾನೇ ಹೇಳುತ್ತಾಳೆ ಅಂದುಕೊಂಡೆ. ಬಂದದ್ದು ಕೋಟಿ ಕೋಟಿ ಧನ್ಯವಾದ.

ಮಗಳು ಕೇಳಿದಾಗ “ಒರೆಸಿಲ್ಲ” ಅಂದೆನಲ್ಲ, ಅದು ನನ್ನ ತಪ್ಪು. ಅಷ್ಟು ಹೊತ್ತಿಗೆ ನನಗೆ ಗೊತ್ತಿತ್ತು. ಒರೆಸಿದ್ದೆ ಅಂದಿದ್ದರೆ “ಮತ್ತೆ ತಾಮ್ರ ಎಲ್ಲಿಂದ ಬಂತು?” ಅಂತ ಕೇಳುತ್ತಿದ್ದಳು. ಒಂದು ಪಟ್ಟಿ ಕಮ್ಮಿ ಇತ್ತಮ್ಮ ಅಂದರೆ ಯಾರು ನಂಬುತ್ತಾರೆ? ನಿಮ್ಮ ಬಾಯಿಂದಲೇ ಬರಲಿ ಅನ್ನುವ ಹಟಕ್ಕೆ ಬಿದ್ದು ಮಗಳ ಕಣ್ಣಲ್ಲಿ ಸಣ್ಣವನಾದೆ, ಹೆಂಡತಿಯ ಕಣ್ಣಲ್ಲೂ. ಅದಕ್ಕೆ ನನಗೂ ನಾಚಿಕೆಯಿದೆ. ಅದನ್ನು ನಾನು ನೋಡಿಕೊಳ್ಳುತ್ತೇನೆ.

ಕೆಲಸ ಹೋದದ್ದು ಒಂದು ಕಡೆ ಇರಲಿ. ಕೈ ಇದ್ದವನಿಗೆ ಕೆಲಸ ಸಿಗುತ್ತದೆ. ಆದರೆ ನೀವು ನನ್ನ ಕೈಯ ಮೇಲಿನ ನಂಬಿಕೆಯನ್ನೇ ತೆಗೆದಿರಿ. ನಾಲ್ಕು ವರ್ಷ ಆ ಚೇಂಬರನ್ನು ಮನಸ್ಸಿನಲ್ಲೇ ಎಷ್ಟು ಸಲ ಒರೆಸಿದ್ದೇನೆ ಅಂತ ನಿಮಗೆ ಗೊತ್ತಾ? ಬಾಗಿಲ ಹತ್ತಿರ ಒರೆಸಿದೆನಾ, ಹೀಟರಿನ ಹಿಂದೆ ಒರೆಸಿದೆನಾ, ಬಟ್ಟೆ ಬದಲಾಯಿಸಿದೆನಾ ಅಂತ. ಮನೆಗೆ ಬೀಗ ಹಾಕಿ ಹೊರಟವನು ಮೂರು ಸಲ ವಾಪಸ್ ಬಂದು ಎಳೆದು ನೋಡುತ್ತೇನೆ. ಮೊದಲು ನಾನು ಹಾಗಿರಲಿಲ್ಲ.

ಏನು ಮಾಡಲಿ ಅಂತ ನನ್ನನ್ನು ಕೇಳಿದ್ದೀರಿ. ಇದನ್ನೂ ನಾನೇ ಒರೆಸಬೇಕಾ?

ನನಗೆ ಆ ಕೆಲಸ ವಾಪಸ್ ಬೇಡ. ನಿಮ್ಮ ಅಲಾರಮ್ಮಿನ ಮೇಲೆ ನನ್ನ ಹೆಸರೂ ಬೇಡ. ಅಲಾರಂ ನಿಲ್ಲಿಸಬೇಡಿ, ಗುಂಡಿಗೆ ಇಳಿಯುವವರು ನಮಗೇನು ಮಾಡಿದ್ದಾರೆ? ಯಾರ ಮುಂದೆ ‘ಇತ್ತು ಸರ್’ ಅಂದಿರೋ, ಅವರ ಮುಂದೆಯೇ ನಿಂತು ‘ಇರಲಿಲ್ಲ’ ಅನ್ನಿ. ಪ್ರಾಜೆಕ್ಟು ಮುಗಿಸಿಯೇ ಬಾ ಅಂತ ಮಗಳನ್ನು ಅವಳ ಅಮ್ಮ ಮೊನ್ನೆ ಫೋನಿನಲ್ಲಿ ಒಪ್ಪಿಸಿದಳು. ಅವಳಿಗೆ ನಾನು ಏನೂ ಹೇಳಿಲ್ಲ. ನಿಮ್ಮಿಂದಲೇ ಕೇಳಲಿ.


ಜೂನ್ 28

ಪಂಪಣ್ಣನವರೇ,

ನಿನ್ನೆ ಹೇಳಿದೆ. ಅದೇ ಕೋಣೆ, ಅದೇ ಉದ್ದ ಮೇಜು. ಪ್ರೊಫೆಸರ್, ಕಚೇರಿಯವರು ಇಬ್ಬರು, ಸ್ಟೋರ್ ಕೀಪರ್, ಲ್ಯಾಬಿನವರೆಲ್ಲ. ನಿಮ್ಮ ಮಗಳು ಕೊನೆಯ ಕುರ್ಚಿಯಲ್ಲಿದ್ದಳು.

ಒಂದು ರಾತ್ರಿಯಿಡೀ ಬರೆದಿಟ್ಟುಕೊಂಡಿದ್ದ ಹಾಳೆಯನ್ನು ಓದಲಾಗಲಿಲ್ಲ. ಅದನ್ನು ಮಡಿಚಿಟ್ಟು ಬಾಯಲ್ಲೇ ಹೇಳಿದೆ. ಕ್ಲಿಪ್ಪು, ಪಟ್ಟಿ, ಹಸಿರು ಬೆಳಕು, ಬಸ್ ಸ್ಟಾಪು, ಸಹಿ, ಒಂದನ್ನೂ ಬಿಡಲಿಲ್ಲ. “ಚೇಂಬರಿನಲ್ಲಿ ತಾಮ್ರ ಇರಲಿಲ್ಲ ಸರ್. ಅವರು ಒರೆಸಿದ್ದರು. ನಾನು ಸುಳ್ಳು ಹೇಳಿದೆ” ಅಂದೆ.

ಪ್ರೊಫೆಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಈಗ ಯಾಕಮ್ಮಾ ಇದೆಲ್ಲ? ಅಲಾರಂ ಕೆಲಸ ಮಾಡ್ತಿದೆ, ಆ ಮನುಷ್ಯನೂ ಎಲ್ಲೋ ಸುಖವಾಗಿದ್ದಾನೆ. ಇಲ್ಲಿಗೇ ಬಿಟ್ಟುಬಿಡೋಣ” ಅಂದರು. ಒಂದು ಕ್ಷಣ, ಒಂದೇ ಕ್ಷಣ, ಬಿಟ್ಟುಬಿಡೋಣ ಅಂತ ನನಗೂ ಅನ್ನಿಸಿತು. ಅದನ್ನೂ ನಿಮ್ಮಿಂದ ಮುಚ್ಚಿಡುವುದಿಲ್ಲ. ಆಮೇಲೆ, ಇದನ್ನೆಲ್ಲ ಬರೆದುಕೊಳ್ಳಿ ಎಂದು ಕಚೇರಿಯವರಿಗೆ ಹೇಳಿದೆ. ಬರೆದುಕೊಂಡರು, ಸಹಿ ಹಾಕಿದೆ. ಅದರ ಪ್ರತಿ ಇದರ ಜೊತೆಗಿದೆ.

ಇವತ್ತಿನಿಂದ ನನಗೆ ಲ್ಯಾಬಿನೊಳಗೆ ಪ್ರವೇಶವಿಲ್ಲ. ಪಿಎಚ್‌ಡಿಯ ವಿಷಯ ವಿಚಾರಣೆಗೆ ಹೋಗುತ್ತದೆ. ಬಿಲ್ಲೆಗೆ ಪಟ್ಟಿ ಕಟ್ಟುವ ರೀತಿಯನ್ನು ಕಂಪನಿಯವರಿಗೆ ಚಿತ್ರ ಬರೆದು ಕೊಟ್ಟಿದ್ದೇನೆ, ಅವರ ಕೆಲಸ ನಿಲ್ಲುವುದಿಲ್ಲ.

ನಾನು ಮಾತಾಡುವಷ್ಟು ಹೊತ್ತೂ ನಿಮ್ಮ ಮಗಳು ನನ್ನನ್ನೇ ನೋಡುತ್ತಿದ್ದಳು. ಬೈಯಲಿಲ್ಲ, ಅಳಲಿಲ್ಲ. ಮಾತು ಮುಗಿಯುತ್ತಲೇ ಫೋನ್ ಹಿಡಿದುಕೊಂಡು ಹೊರಗೆ ಹೋದಳು, ಬಾಗಿಲು ಮುಚ್ಚಲಿಲ್ಲ. ಕಾರಿಡಾರಿನಿಂದ ಅವಳ ದನಿ ನಮಗೆಲ್ಲ ಕೇಳಿಸುತ್ತಿತ್ತು.

“ಅಪ್ಪಾ, ನೀನು ಒರೆಸಿದ್ದೆ” ಅಂದಳು.

ಆ ಕಡೆಯಿಂದ ನೀವು ಏನಂದಿರೋ ನಮಗೆ ಕೇಳಿಸಲಿಲ್ಲ. “ಹೂಂ ಅಪ್ಪಾ, ಒರೆಸಿದ್ದೆ” ಅಂದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, “ಹೌದಪ್ಪಾ, ಪೂರ್ತಿ ಒರೆಸಿದ್ದೆ, ಹೀಟರ್ ಹಿಂದೇನೂ.” ಮತ್ತೆ, “ಒರೆಸಿದ್ದೆ ಅಂದ್ನಲ್ಲಪ್ಪಾ.” ಕೋಣೆಯಲ್ಲಿ ಯಾರೂ ಎದ್ದು ಬಾಗಿಲು ಮುಚ್ಚಲಿಲ್ಲ. ನೀವು ಕೇಳುತ್ತಲೇ ಇದ್ದಿರಿ, ಅವಳು ಹೇಳುತ್ತಲೇ ಇದ್ದಳು.